ಇನಾಜುಮಾ ಇಲೆವೆನ್: ಸ್ಪೆಷಲ್ ಮೂವ್ ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಕೈ ಬಿಗಿಹಿಡಿಯಬೇಕು

ಇನಾಜುಮಾ ಇಲೆವೆನ್ ಎಂಬ ಫುಟ್‌ಬಾಲ್ ವಿಡಿಯೋ ಗೇಮ್‌ನಲ್ಲಿ ಹೊಸಬರು ಪಂದ್ಯ ಕೈಚೆಲ್ಲುವುದು ಬಹುತೇಕ ಒಂದೇ ರೀತಿಯಲ್ಲಿ. ಮೊದಲರ್ಧದಲ್ಲಿ ಚೆಂಡು ಕಾಲಿಗೆ ಸಿಕ್ಕಾಗಲೆಲ್ಲ ಸ್ಪೆಷಲ್ ಮೂವ್ (ಆಟಗಾರನ ವಿಶೇಷ ಪಟ್ಟು) ಒತ್ತುತ್ತಾರೆ. ಪರದೆ ತುಂಬ ಬೆಂಕಿ, ಮಿಂಚು, ಡ್ರ್ಯಾಗನ್ ಎಲ್ಲ ಬಂದು ಹೋಗುತ್ತವೆ. ಎರಡನೇ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಟಿಪಿ, ಅಂದರೆ ಮೂವ್‌ಗೆ ಬೇಕಾದ ಶಕ್ತಿಯ ಅಂಕ, ಖಾಲಿ. ಆಮೇಲೆ ಎದುರಾಳಿಯ ಸಾಧಾರಣ ಶಾಟ್ ಕೂಡ ಬಲೆಯೊಳಗೆ ಹೋಗಿ ಕೂರುತ್ತದೆ. ಹೀಗಾಗದಂತೆ ಆಡುವುದು ಹೇಗೆ, ಯಾವ ಮೂವ್ ಯಾರಿಗೆ ಕೊಡಬೇಕು, ಮೈದಾನದ ಯಾವ ಜಾಗದಲ್ಲಿ ಎಷ್ಟು ಸಲ ಬಳಸಬೇಕು ಅನ್ನುವುದೇ ಇಲ್ಲಿನ ವಿಷಯ.

ಇಲ್ಲಿ ಹೇಳಿರುವುದು ಮುಖ್ಯವಾಗಿ ಲೆವೆಲ್-5 ಕಂಪನಿಯ ಮೊದಲ ಮೂರು ಆಟಗಳಿಗೆ ಹೊಂದುತ್ತದೆ. ಜಪಾನಿನಲ್ಲಿ ನಿಂಟೆಂಡೊ ಡಿಎಸ್ ಎಂಬ ಕೈಯಲ್ಲಿ ಹಿಡಿದು ಆಡುವ ಸಾಧನಕ್ಕೆ ಇವು 2008, 2009, 2010ರಲ್ಲಿ ಬಂದವು. ಯುರೋಪಿಗೆ ಮೊದಲ ಆಟ ತಲುಪಿದ್ದು 2011ರಲ್ಲಿ, ಮೂರನೆಯದು ಅಲ್ಲಿ 3ಡಿಎಸ್‌ಗೆ ಬಂತು. ಇದೇ ಹೆಸರಿನ ಅನಿಮೆ (ಜಪಾನಿ ಕಾರ್ಟೂನ್ ಸರಣಿ) 2008ರ ಅಕ್ಟೋಬರ್‌ನಿಂದ 2011ರ ಏಪ್ರಿಲ್‌ವರೆಗೆ 127 ಕಂತು ಓಡಿತು. ಇಂಗ್ಲಿಷ್ ಆವೃತ್ತಿಯಲ್ಲಿ ಎಲ್ಲರ ಹೆಸರೂ ಬದಲಾಗಿದೆ: ನಾಯಕ, ಕೀಪರ್ ಎಂಡೊ ಮಾಮೊರು ಅಲ್ಲಿ ಮಾರ್ಕ್ ಇವಾನ್ಸ್, ಗೋಎಂಜಿ ಶೂಯಾ ಆಕ್ಸೆಲ್ ಬ್ಲೇಜ್, ಕಿಡೋ ಯೂತೊ ಜೂಡ್ ಶಾರ್ಪ್, ಸೊಮೆಒಕಾ ಕೆವಿನ್ ಡ್ರ್ಯಾಗನ್‌ಫ್ಲೈ, ಕಾಬೆಯಾಮಾ ಜ್ಯಾಕ್ ವಾಲ್‌ಸೈಡ್, ಕಾಜೆಮಾರು ನೇಥನ್ ಸ್ವಿಫ್ಟ್, ಫುಬುಕಿ ಶಾನ್ ಫ್ರಾಸ್ಟ್. ಕೆಳಗೆ ಜಪಾನಿ ಹೆಸರುಗಳನ್ನೇ ಬಳಸಿದ್ದೇವೆ. ಅನಿಮೆ ನೋಡುವವರಿಗೂ ಆಟ ಆಡುವವರಿಗೂ ಅವು ಗೊತ್ತಿರುತ್ತವೆ.

ಮೊದಲು ಎರಡು ಅಂಕಿ

ಪ್ರತಿ ಆಟಗಾರನಿಗೂ ಎರಡು ಶಕ್ತಿಯ ಲೆಕ್ಕ ಇದೆ. ಎಫ್‌ಪಿ ಅಂದರೆ ದೈಹಿಕ ದಮ್ಮು. ಓಡಿದಷ್ಟೂ ಇದು ಇಳಿಯುತ್ತದೆ, ಮುಗಿದರೆ ಆಟಗಾರ ಕಾಲೆಳೆದುಕೊಂಡು ನಡೆಯುತ್ತಾನೆ. ಟಿಪಿ ಅಂದರೆ ಸ್ಪೆಷಲ್ ಮೂವ್‌ಗೆ ತೆರುವ ಬೆಲೆ. ಇದು ಪಂದ್ಯದ ನಡುವೆ ತಾನಾಗಿ ತುಂಬಿಕೊಳ್ಳುವುದಿಲ್ಲ, ಐಟಂ ಕೊಡಬೇಕು ಇಲ್ಲವೇ ಆಟಗಾರನನ್ನೇ ಬದಲಿಸಬೇಕು.

ಹಾಗಾಗಿ ಪಂದ್ಯಕ್ಕೆ ಮುಂಚೆ ಮಾಡಬೇಕಾದ ಮೊದಲ ಕೆಲಸ ಒಂದು ಸಣ್ಣ ಭಾಗಾಕಾರ. ನಿಮ್ಮ ಗೋಲ್‌ಕೀಪರ್ ಬಳಿ 90 ಟಿಪಿ ಇದೆ, ಅವನ ಅತ್ಯುತ್ತಮ ಮೂವ್‌ಗೆ 30 ಬೇಕು ಎಂದಿಟ್ಟುಕೊಳ್ಳಿ. ನಿಜವಾದ ಅಂಕಿಯನ್ನು ನಿಮ್ಮ ಮೆನುವಿನಲ್ಲೇ ನೋಡಿಕೊಳ್ಳಬೇಕು. ಅಲ್ಲಿಗೆ ಅವನು ಇಡೀ ಪಂದ್ಯದಲ್ಲಿ ಮೂರೇ ಮೂರು ದೊಡ್ಡ ಶಾಟ್ ಹಿಡಿಯಬಲ್ಲ. ನಾಲ್ಕನೆಯದು ಬಂದರೆ ಕೈ ಖಾಲಿ. ಈ ಅಂಕಿ ತಲೆಯಲ್ಲಿದ್ದರೆ ದೂರದಿಂದ ಉರುಳಿಕೊಂಡು ಬಂದ ಪುಸಕಲು ಶಾಟ್‌ಗೆ ಗಾಡ್ ಹ್ಯಾಂಡ್‌ನಂಥ ಕೀಪರ್ ಮೂವ್ ಒತ್ತಲು ಬೆರಳು ತಾನಾಗಿ ಹಿಂಜರಿಯುತ್ತದೆ. ಸ್ಟ್ರೈಕರ್‌ಗೂ ಇದೇ ಲೆಕ್ಕ ಹಾಕಿಡಿ.

ನಾಲ್ಕು ಬಗೆ

ಮೂವ್‌ಗಳಲ್ಲಿ ನಾಲ್ಕು ಬಗೆ: ಶಾಟ್, ಡ್ರಿಬಲ್, ಬ್ಲಾಕ್, ಕ್ಯಾಚ್. ಶಾಟ್‌ಗೆ ಕಿಕ್ ಅಂಕಿ ಮುಖ್ಯ, ಡ್ರಿಬಲ್‌ಗೆ ಕಂಟ್ರೋಲ್, ಬ್ಲಾಕ್ ಮತ್ತು ಕ್ಯಾಚ್‌ಗೆ ಗಾರ್ಡ್. ದೊಡ್ಡ ಮೂವ್ ಅನ್ನು ಸಂಬಂಧಪಟ್ಟ ಅಂಕಿ ಕಡಿಮೆ ಇರುವವನಿಗೆ ಕಲಿಸಿದರೆ ಚಿತ್ರ ಚೆನ್ನಾಗಿ ಕಾಣುತ್ತದೆ, ಗೋಲ್ ಮಾತ್ರ ಆಗುವುದಿಲ್ಲ. ಡಿಫೆಂಡರ್‌ಗೆ ಶಾಟ್ ಕಲಿಸಿ ಕಾಯುವವರು ಬಹಳ ಮಂದಿ ಇದ್ದಾರೆ, ಅದರಲ್ಲಿ ಅರ್ಥ ಇರುವುದು ಮುಂದೆ ಹೇಳುವ ಎರಡು ಸಂದರ್ಭಗಳಲ್ಲಿ ಮಾತ್ರ.

ಪ್ರತಿ ಆಟಗಾರನಿಗೂ ಲೆವೆಲ್ ಏರಿದ ಹಾಗೆ ತಾನೇ ಬರುವ ನಾಲ್ಕು ಮೂವ್ ಇರುತ್ತವೆ. ಅದರ ಮೇಲೆ ರಹಸ್ಯ ಕೈಪಿಡಿ ಓದಿಸಿ ಹೊಸದನ್ನು ಕಲಿಸಬಹುದು. ಒಂದು ಕೈಪಿಡಿ ಒಬ್ಬನಿಗೇ, ಬಳಸಿದರೆ ಮುಗಿಯಿತು, ಕಲಿಸುವ ಜಾಗವೂ ಕಡಿಮೆ. ಆದ್ದರಿಂದ ಕೈಪಿಡಿ ಸಿಕ್ಕ ತಕ್ಷಣ ಖರ್ಚು ಮಾಡಬೇಡಿ. ಆ ಆಟಗಾರ ಮುಂದೆ ಯಾವ ಲೆವೆಲ್‌ನಲ್ಲಿ ಏನು ಕಲಿಯುತ್ತಾನೆ ಎಂದು ನೋಡಿ, ಅವನ ಸ್ವಂತ ಪಟ್ಟಿಯಲ್ಲಿ ಏನು ಇಲ್ಲವೋ ಅದನ್ನು ಕೊಡಿ. ಒಳ್ಳೆಯ ಶಾಟ್ ಇರುವ ಸ್ಟ್ರೈಕರ್‌ಗೆ ಇನ್ನೊಂದು ಶಾಟ್ ಕೊಡುವುದಕ್ಕಿಂತ ಕಡಿಮೆ ಟಿಪಿಯ ಒಂದು ಡ್ರಿಬಲ್ ಕೊಡುವುದು ವಾಸಿ. ಡಿಫೆಂಡರ್ ಅಡ್ಡ ನಿಂತರೆ ಅವನ ಒಳ್ಳೆಯ ಶಾಟ್ ಹೊರಗೆ ಬರುವುದೇ ಇಲ್ಲ.

ಗಾಳಿ, ಕಾಡು, ಬೆಂಕಿ, ಬೆಟ್ಟ

ಆಟಗಾರರಿಗೂ ಮೂವ್‌ಗಳಿಗೂ ಒಂದೊಂದು ಎಲಿಮೆಂಟ್ ಇದೆ. ಗಾಳಿ, ಕಾಡು, ಬೆಂಕಿ, ಬೆಟ್ಟ ಎಂಬ ಈ ನಾಲ್ಕು 16ನೇ ಶತಮಾನದ ಸೇನಾನಿ ತಾಕೆದಾ ಶಿಂಗೆನ್‌ನ ಬಾವುಟದಲ್ಲಿದ್ದ ಸಾಲಿನಿಂದ ಬಂದವು. ಒಂದರ ಮೇಲೆ ಒಂದರ ಮೇಲುಗೈ ಸುತ್ತಿಕೊಂಡು ಹೋಗುತ್ತದೆ: ಬೆಂಕಿ ಕಾಡನ್ನು ಗೆಲ್ಲುತ್ತದೆ, ಕಾಡು ಗಾಳಿಯನ್ನು, ಗಾಳಿ ಬೆಟ್ಟವನ್ನು, ಬೆಟ್ಟ ಬೆಂಕಿಯನ್ನು. ಬೆಂಕಿಗೂ ಗಾಳಿಗೂ ನಡುವೆ, ಕಾಡಿಗೂ ಬೆಟ್ಟಕ್ಕೂ ನಡುವೆ ಲಾಭ ನಷ್ಟ ಏನೂ ಇಲ್ಲ.

ಇದರ ಜೊತೆಗೆ ಇನ್ನೊಂದು ಲಾಭವಿದೆ, ಹೊಸಬರು ಮರೆಯುವುದು ಇದನ್ನೇ. ಆಟಗಾರನ ಎಲಿಮೆಂಟೂ ಮೂವ್‌ನ ಎಲಿಮೆಂಟೂ ಒಂದೇ ಆಗಿದ್ದರೆ ಮೂವ್‌ನ ಬಲ ಹೆಚ್ಚುತ್ತದೆ. ಗೋಎಂಜಿ ಬೆಂಕಿ, ಫೈರ್ ಟೊರ್ನಾಡೊ ಬೆಂಕಿ, ಹಾಗಾಗಿ ಆ ಜೋಡಿ ಅಷ್ಟು ಚೆನ್ನಾಗಿ ಕೂರುತ್ತದೆ. ಎಂಡೊ ಬೆಟ್ಟ, ಗಾಡ್ ಹ್ಯಾಂಡೂ ಮಾಜಿನ್ ದ ಹ್ಯಾಂಡೂ ಬೆಟ್ಟ. ಅದೇ ಎಂಡೊ ನೆಕ್ಕೆತ್ಸು ಪಂಚ್ ಹೊಡೆದರೆ ಅದು ಬೆಂಕಿಯ ಮೂವ್ ಆದ್ದರಿಂದ ಈ ಹೆಚ್ಚುವರಿ ಸಿಗುವುದಿಲ್ಲ. ಕೈಪಿಡಿ ಹಂಚುವಾಗ ಮೊದಲು ನೋಡಬೇಕಾದ್ದು ಇದೇ ಹೊಂದಾಣಿಕೆ. ಎದುರಾಳಿ ಪ್ರತಿ ಪಂದ್ಯಕ್ಕೂ ಬದಲಾಗುತ್ತಾನೆ, ನಿಮ್ಮ ಆಟಗಾರನ ಎಲಿಮೆಂಟ್ ಬದಲಾಗುವುದಿಲ್ಲ.

ಗೋಲ್ ಮುಂದೆ ಇದು ಹೇಗೆ ಕೆಲಸ ಮಾಡುತ್ತದೆ ನೋಡಿ. ಎದುರಿನ ಕೀಪರ್ ಬೆಟ್ಟದ ಮೂವ್ ಬಳಸುವವನು ಎಂದಾದರೆ ಗೋಎಂಜಿಯ ಫೈರ್ ಟೊರ್ನಾಡೊ ನೇರವಾಗಿ ನಷ್ಟದ ವ್ಯಾಪಾರ. ಅಲ್ಲಿ ಫುಬುಕಿಯ ಎಟರ್ನಲ್ ಬ್ಲಿಜಾರ್ಡ್ ಇಡಿ, ಅದು ಗಾಳಿ, ಅವನೂ ಗಾಳಿ, ಎರಡು ಲಾಭ ಒಟ್ಟಿಗೆ ಬಂತು. ಕೀಪರ್ ಕಾಡಿನವನಾದರೆ ಗೋಎಂಜಿಯನ್ನು ಮುಂದೆ ಬಿಡಿ. ಇದಕ್ಕಾಗಿ ಮುಂಚೂಣಿಯಲ್ಲಿ ಒಂದೇ ಎಲಿಮೆಂಟಿನ ಮೂವರನ್ನು ನಿಲ್ಲಿಸಬೇಡಿ. ಇಬ್ಬರು ಸ್ಟ್ರೈಕರ್ ಇದ್ದರೆ ಇಬ್ಬರೂ ಬೇರೆ ಬೇರೆ ಎಲಿಮೆಂಟ್ ಇರಲಿ. ಮೊದಲ ಶಾಟ್‌ನಲ್ಲಿ ಕೀಪರ್ ಯಾವ ಮೂವ್ ತೆಗೆದ ಎಂದು ನೋಡಿಟ್ಟುಕೊಂಡು ಎರಡನೆಯದನ್ನು ಸರಿಯಾದವನಿಂದ ಹೊಡೆಸಿ.

ಶಾಟ್ ಕಾಲಿನಿಂದ ಬಲೆಯವರೆಗೆ

ಇಡೀ ಆಟದ ತಿರುಳು ಈ ಭಾಗ. ಸ್ಪೆಷಲ್ ಶಾಟ್ ಹೊಡೆದ ಕೂಡಲೇ ಅದು ನೇರವಾಗಿ ಕೀಪರ್ ಎದುರು ನಿಲ್ಲುವುದಿಲ್ಲ. ಚೆಂಡು ಹೋಗುವ ದಾರಿಯಲ್ಲಿ ಯಾರಿದ್ದಾರೆ ಅನ್ನುವುದರ ಮೇಲೆ ಅದರ ಬಲ ಏರಬಹುದು, ಇಳಿಯಲೂಬಹುದು.

ಇಳಿಸುವುದು ಶಾಟ್ ಬ್ಲಾಕ್. ಎಲ್ಲ ಬ್ಲಾಕ್ ಮೂವ್‌ಗಳಿಗೂ ಈ ಗುಣ ಇಲ್ಲ. ಮೂವ್‌ನ ವಿವರಣೆಯಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. ಕಾಬೆಯಾಮಾನ ದ ವಾಲ್ ಇದಕ್ಕೆ ಹೆಸರುವಾಸಿ. ಚೆಂಡಿನ ದಾರಿಗೆ ಅಡ್ಡ ನಿಂತ ಡಿಫೆಂಡರ್ ಇದನ್ನು ಬಳಸಿದರೆ ಶಾಟ್‌ನ ಬಲ ಕುಗ್ಗುತ್ತದೆ, ಉಳಿದ ಬಲಕ್ಕೆ ಮಾತ್ರ ಕೀಪರ್ ಉತ್ತರ ಕೊಟ್ಟರೆ ಸಾಕು. ಮೇಲೆ ಹಾಕಿದ ಲೆಕ್ಕಕ್ಕೆ ಮರಳಿ: ಮೂರು ದೊಡ್ಡ ಮೂವ್ ಮಾತ್ರ ಇರುವ ಕೀಪರ್‌ಗೆ ಮುಂದೆ ಇಬ್ಬರು ಶಾಟ್ ಬ್ಲಾಕ್ ಮಾಡುವವರಿದ್ದರೆ, ಕೆಲವು ಶಾಟ್‌ಗಳನ್ನು ಅವನು ಸಣ್ಣ ಮೂವ್‌ನಲ್ಲೋ ಬರಿಗೈಯಲ್ಲೋ ಹಿಡಿದುಬಿಡುತ್ತಾನೆ. ಡಿಫೆಂಡರ್‌ಗಳ ಟಿಪಿ ಹೇಗಿದ್ದರೂ ಪಂದ್ಯದ ಕೊನೆಗೆ ಉಳಿದುಹೋಗುತ್ತದೆ, ಅದನ್ನು ಇಲ್ಲಿ ಬಳಸಿ.

ಇಲ್ಲಿ ಆಗುವ ತಪ್ಪು ಜಾಗದ್ದು. ಕಾಬೆಯಾಮಾನನ್ನು ಪಕ್ಕದಲ್ಲಿ, ಅಂಚಿನ ಡಿಫೆಂಡರ್ ಆಗಿ ನಿಲ್ಲಿಸಿದರೆ ಚೆಂಡು ಅವನ ದಾರಿಗೆ ಬರುವುದೇ ಇಲ್ಲ. ಗೋಲ್‌ನ ನಡುಭಾಗಕ್ಕೆ ನೇರವಾಗಿ, ಪೆನಾಲ್ಟಿ ಪ್ರದೇಶದ ಆಸುಪಾಸಿನಲ್ಲಿ ನಿಲ್ಲಿಸಿ. ಎದುರಾಳಿ ಸ್ಟ್ರೈಕರ್ ಬದಿಯಿಂದ ಬರುತ್ತಿದ್ದರೆ ಸ್ಟೈಲಸ್‌ನಿಂದ ಗೆರೆ ಎಳೆದು ಕಾಬೆಯಾಮಾನನ್ನು ಆ ಸ್ಟ್ರೈಕರ್‌ಗೂ ಗೋಲ್‌ಗೂ ನಡುವಿನ ಸಾಲಿಗೆ ತನ್ನಿ. ಅವನು ಚೆಂಡನ್ನೇ ಕಿತ್ತುಕೊಳ್ಳಲಿ ಎಂದು ಮುಂದೆ ಓಡಿಸಬೇಡಿ, ಗೋಡೆ ಖಾಲಿಯಾಗುತ್ತದೆ.

ಬಲ ಏರಿಸುವುದು ಶಾಟ್ ಚೈನ್. ಒಬ್ಬ ಹೊಡೆದ ಚೆಂಡು ಹೋಗುವ ದಾರಿಯಲ್ಲಿ ನಿಮ್ಮದೇ ಇನ್ನೊಬ್ಬ ಆಟಗಾರ ಶಾಟ್ ಮೂವ್ ಇಟ್ಟುಕೊಂಡು ನಿಂತಿದ್ದರೆ ಅವನು ಅದಕ್ಕೆ ತನ್ನ ಹೊಡೆತ ಸೇರಿಸುತ್ತಾನೆ. ಅನಿಮೆಯ ಡ್ರ್ಯಾಗನ್ ಟೊರ್ನಾಡೊ ಇದೇ ಆಲೋಚನೆ: ಸೊಮೆಒಕಾ ಡ್ರ್ಯಾಗನ್ ಕ್ರ್ಯಾಶ್‌ನಿಂದ ಮೇಲಕ್ಕೆ ಕಳಿಸುತ್ತಾನೆ, ಗೋಎಂಜಿ ಫೈರ್ ಟೊರ್ನಾಡೊದಿಂದ ಕೆಳಗಿಳಿಸುತ್ತಾನೆ. ಆಟದಲ್ಲಿ ಚೈನ್ ಕಟ್ಟುವ ಕ್ರಮ ಹೀಗೆ:

1. ದೂರದಿಂದ ಹೊಡೆಯಬಲ್ಲ ಲಾಂಗ್ ಶಾಟ್ ಗುಣದ ಮೂವ್ ಇರುವ ಒಬ್ಬನನ್ನು ಮಿಡ್‌ಫೀಲ್ಡ್‌ನಲ್ಲಿ ಇಡಿ. ಈ ಗುಣ ಇಲ್ಲದ ಶಾಟ್ ದೂರದಿಂದ ಹೊಡೆದರೆ ಪ್ರಯೋಜನವಿಲ್ಲ.

2. ಅತಿ ಹೆಚ್ಚು ಕಿಕ್ ಇರುವ ಸ್ಟ್ರೈಕರ್‌ನನ್ನು ಗೋಲ್ ಹತ್ತಿರ, ನಡುಸಾಲಿನಲ್ಲಿ ಇಡಿ.

3. ಮೊದಲು ಸ್ಟ್ರೈಕರ್‌ಗೆ ಗೆರೆ ಎಳೆದು ಜಾಗಕ್ಕೆ ತಲುಪಿಸಿ, ಆಮೇಲೆ ಮಿಡ್‌ಫೀಲ್ಡರ್‌ನಿಂದ ಹೊಡೆಸಿ. ಈ ಅನುಕ್ರಮ ತಿರುವುಮುರುವಾದರೆ ಚೆಂಡು ಮುಂದೆ ಹೋಗಿರುತ್ತದೆ, ಸ್ಟ್ರೈಕರ್ ಅದರ ಹಿಂದೆ ಓಡುತ್ತಿರುತ್ತಾನೆ.

4. ಹೊಡೆಯುವವನು, ಸ್ಟ್ರೈಕರ್, ಗೋಲ್ ಮೂರೂ ಒಂದೇ ಸಾಲಿಗೆ ಬಂದಿವೆಯೇ ನೋಡಿ. ಸ್ಟ್ರೈಕರ್ ಸ್ವಲ್ಪ ಬದಿಗೆ ಸರಿದಿದ್ದರೂ ಚೈನ್ ಕೂಡುವುದಿಲ್ಲ.

ಚೈನ್‌ನಲ್ಲಿ ಇಬ್ಬರ ಟಿಪಿಯೂ ಹೋಗುತ್ತದೆ. ಹಾಗಾಗಿ ಗೋಲ್ ಬೇಕೇಬೇಕು ಅನ್ನುವಾಗ ಮಾತ್ರ ಬಳಸಿ, ಎರಡು ಗೋಲ್ ಮುಂದಿರುವಾಗ ಬಳಸಿದರೆ ಅದು ದುಂದು. ಮೇಲೆ ಹೇಳಿದ ಡಿಫೆಂಡರ್‌ಗೆ ಶಾಟ್ ಕಲಿಸುವ ಮಾತಿಗೆ ಬಂದರೆ, ಹಿಂದಿನಿಂದ ಚೈನ್ ಶುರು ಮಾಡಲು ಒಂದು ಲಾಂಗ್ ಶಾಟ್ ಒಳ್ಳೆಯದು, ಇನ್ನೊಂದು ಶಾಟ್ ಬ್ಲಾಕ್ ಗುಣವೂ ಇರುವ ಶಾಟ್ ಮೂವ್. ಅನಿಮೆಯ ಎರಡನೇ ಸೀಸನ್‌ನಲ್ಲಿ ಕೀಪರ್ ಜಾಗ ಬಿಟ್ಟು ಲಿಬೆರೊ (ಮುಂದಕ್ಕೂ ಹೋಗುವ ಡಿಫೆಂಡರ್) ಆದ ಎಂಡೊ ಇಂಥದೇ ಮೂವ್ ಆದ ಮೆಗಾಟನ್ ಹೆಡ್ ಕಲಿತದ್ದು ನೆನಪಿದ್ದರೆ ಅದರ ಉಪಯೋಗ ಬಿಡಿಸಿ ಹೇಳಬೇಕಿಲ್ಲ.

ಎದುರಾಳಿಯ ಟಿಪಿ ಕರಗಿಸುವುದು

ಎದುರಿನ ಕೀಪರ್‌ಗೂ ನಿಮ್ಮ ಹಾಗೆಯೇ ಟಿಪಿ ಮುಗಿಯುತ್ತದೆ. ಮೊದಲರ್ಧದಲ್ಲಿ ನಿಮ್ಮ ಅಗ್ಗದ ಶಾಟ್ ಮೂವ್‌ಗಳನ್ನು ಎರಡು ಮೂರು ಸಲ ಹೊಡೆಯಿರಿ, ಗೋಲ್ ಆಗದಿದ್ದರೂ ಪರವಾಗಿಲ್ಲ. ಪ್ರತಿ ಸಲ ಅವನು ತನ್ನ ದುಬಾರಿ ಕ್ಯಾಚ್ ತೆಗೆದರೆ ನಿಮಗೇ ಲಾಭ. ಎರಡನೇ ಅರ್ಧದಲ್ಲಿ ಅವನು ಬರಿಗೈಯಾದ ಮೇಲೆ ನಿಮ್ಮ ದೊಡ್ಡ ಶಾಟ್ ಇಳಿಸಿ. ಇದಕ್ಕೆ ಬೆಂಚಿನಲ್ಲಿರುವ ಮೂರನೇ ದರ್ಜೆ ಸ್ಟ್ರೈಕರ್ ಬಹಳ ಉಪಯೋಗಿ. ಅವನ ಟಿಪಿ ಪೂರ್ತಿ ಸುರಿಸಿ ಹೊರಗೆ ಕರೆದು, ಗೋಎಂಜಿಯಂಥವನನ್ನು ತುಂಬಿದ ಟಿಪಿಯೊಂದಿಗೆ ಇಳಿಸಬಹುದು. ನೋಡಲು ಸೊಗಸಿಲ್ಲದ ಆಟ, ಆದರೆ ಗಟ್ಟಿ ತಂಡಗಳ ಎದುರು ಇದಕ್ಕಿಂತ ನಂಬಿಕಸ್ತ ದಾರಿ ಇಲ್ಲ.

ಕಥೆಯ ಕೆಲವು ಪಂದ್ಯಗಳು ಸೋಲುವಂತೆಯೇ ಬರೆದವು ಅನ್ನುವುದನ್ನೂ ತಿಳಿದಿರಿ. ತೇಕೊಕು ಗಾಕುಎನ್ ಎಂಬ ಶಾಲಾ ತಂಡದ ವಿರುದ್ಧದ ಮೊದಲ ಪಂದ್ಯ ಅಂಥದ್ದು. ಅನಿಮೆಯಲ್ಲಿ ಅದು 20-0 ಆದ ಮೇಲೆ ಗಾಡ್ ಹ್ಯಾಂಡೂ ಫೈರ್ ಟೊರ್ನಾಡೊವೂ ಹೊರಬಂದು 20-1ಕ್ಕೆ ನಿಲ್ಲುತ್ತದೆ. ಅಂಥ ಕಡೆ ಐಟಂ ಸುರಿಯಬೇಡಿ.

ಕೀಪರ್: ಹಿಡಿಯುವುದೋ, ಗುದ್ದುವುದೋ

ಕ್ಯಾಚ್ ಮೂವ್‌ಗಳಲ್ಲಿ ಎರಡು ಜಾತಿ. ಗಾಡ್ ಹ್ಯಾಂಡ್‌ನಂಥವು ಗೆದ್ದರೆ ಚೆಂಡು ಕೀಪರ್ ಕೈಯಲ್ಲಿ. ನೆಕ್ಕೆತ್ಸು ಪಂಚ್, ಸೇಗಿ ನೊ ತೆಕ್ಕೆನ್‌ನಂಥ ಗುದ್ದಿನ ಮೂವ್‌ಗಳು ಗೆದ್ದರೆ ಚೆಂಡು ಹೊರಗೆ ಚಿಮ್ಮುತ್ತದೆ, ಯಾರಿಗೆ ಸಿಗುತ್ತದೋ ಅವರದ್ದು. ಗುದ್ದಿನ ಮೂವ್ ಬಳಸುವುದಾದರೆ ಗೋಲ್ ಮುಂದೆ ನಿಮ್ಮವರಿಬ್ಬರು ಇರಲೇಬೇಕು. ಇಲ್ಲದಿದ್ದರೆ ಎದುರಾಳಿ ಅದೇ ಚೆಂಡನ್ನು ಮತ್ತೆ ಹೊಡೆಯುತ್ತಾನೆ, ನೀವು ಎರಡನೇ ಸಲ ಟಿಪಿ ತೆರಬೇಕು, ಮೊದಲ ಉಳಿತಾಯವೆಲ್ಲ ಹೊಳೆಗೆ ಹೋಯಿತು.

ದೊಡ್ಡ ಮೂವ್ ಯಾವಾಗ ಅನ್ನುವುದಕ್ಕೆ ಸರಳ ನಿಯಮ: ಎದುರಾಳಿ ಸ್ಪೆಷಲ್ ಶಾಟ್ ಹೊಡೆದು, ನಡುವೆ ಯಾರೂ ಬ್ಲಾಕ್ ಮಾಡದಿದ್ದರೆ ದೊಡ್ಡದು. ಒಂದು ಬ್ಲಾಕ್ ಆಗಿದ್ದರೆ ಮಧ್ಯಮದ್ದು. ಸಾಧಾರಣ ಶಾಟ್ ಆದರೆ ಬರಿಗೈ. ಹಾಗಾಗಿ ಕೀಪರ್‌ಗೆ ಒಂದೇ ದೊಡ್ಡ ಮೂವ್ ಇಟ್ಟು ಸಣ್ಣದನ್ನು ಮರೆಯಬೇಡಿ. ಮಾಜಿನ್ ದ ಹ್ಯಾಂಡ್ ಬಂದ ಮೇಲೂ ಗಾಡ್ ಹ್ಯಾಂಡ್‌ಗೆ ಕೆಲಸ ಇದೆ.

ಅನಿಮೆಯಲ್ಲಿ ಕೀಪರ್ ಮೂವ್ ಕಲಿಯುವುದನ್ನು ತೋರಿಸಿರುವ ರೀತಿ ಆಟಗಾರರಿಗೂ ಒಂದು ಸುಳಿವು. ಎಂಡೊನ ಅಜ್ಜ ದೈಸುಕೆಯ ಟಿಪ್ಪಣಿಪುಸ್ತಕದ ಅಕ್ಷರ ಎಂಡೊ ಒಬ್ಬನಿಗೇ ಓದಲು ಬರುವುದು, ಅದರಲ್ಲೂ ಬಹುಪಾಲು ಸದ್ದುಗಳು. ಸೇಗಿ ನೊ ತೆಕ್ಕೆನ್‌ಗೆ ಕೈ ಅರಳಿಸದೆ ಬಿಗಿಯಾಗಿ ಮುಷ್ಟಿ ಕಟ್ಟು ಎಂದಿದೆ, ಮುಂದೆ ಬರೀ ‘ದಾನ್, ಗ್ಯೂನ್, ದೊಕಾನ್’. ಮಾಜಿನ್ ದ ಹ್ಯಾಂಡ್‌ನ ಗುಟ್ಟು ಎದೆಯ ಎಡಭಾಗದಲ್ಲಿ, ಹೃದಯದ ಜಾಗದಲ್ಲಿ ಶಕ್ತಿ ಕೂಡಿಸಿ ಮೈ ತಿರುಗಿಸಿ ಬಲಗೈಗೆ ಹರಿಸುವುದು. ಎಂಡೊ ಇದನ್ನು ಕಂಡುಕೊಳ್ಳುವುದು ಝ್ಯೂಸ್ ತಂಡದ ಆಫ್ರೊಡಿಯ ಗಾಡ್ ನೋಸ್ ಎದುರು, ಫೈನಲ್‌ನಲ್ಲಿ. ಮುಗೆನ್ ದ ಹ್ಯಾಂಡ್ ಕಲಿತದ್ದು ಇನ್ನೊಬ್ಬ ಕೀಪರ್ ತಾಚಿಮುಕಾಯಿ, ಅವನಿಗೆ ಕೀಲಿಕೈ ಆದದ್ದು ಕಿವಿ.

ಜೋಡಿ ಮತ್ತು ಮೂವರ ಮೂವ್‌ಗಳು

ಇಬ್ಬರು ಮೂವರು ಸೇರಿ ಮಾಡುವ ಮೂವ್‌ಗಳ ಬಲ ದೊಡ್ಡದು, ಷರತ್ತೂ ದೊಡ್ಡದು. ಜೊತೆಗಾರ ಬೆಂಚಿನಲ್ಲಿದ್ದರೆ ಬಟನ್ ಸಿಗುವುದಿಲ್ಲ. ಪಂದ್ಯದ ನಡುವೆ ಯಾರನ್ನೋ ಬದಲಿಸಿದ ಮೇಲೆ “ಶಾಟ್ ಎಲ್ಲಿ ಹೋಯಿತು” ಎಂದು ಹುಡುಕುವವರ ಸಮಸ್ಯೆ ಇದೇ. ತಂಡ ಕಟ್ಟುವಾಗ ಇಂಥ ಮೂವ್ ಎರಡಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡಿ, ಇಲ್ಲವಾದರೆ ಅರ್ಧ ತಂಡ ಒಬ್ಬರಿಗೊಬ್ಬರು ಕಟ್ಟಿಹಾಕಿಕೊಂಡು ಬದಲಾವಣೆಯೇ ಸಾಧ್ಯವಾಗುವುದಿಲ್ಲ.

ಅನಿಮೆಯಲ್ಲಿ ಇವುಗಳ ಯಂತ್ರವನ್ನು ಬಿಚ್ಚಿ ತೋರಿಸಿದ್ದಾರೆ, ಏನು ತಪ್ಪುತ್ತದೆ ಅನ್ನುವುದನ್ನೂ ಸೇರಿಸಿ. ಇನಾಜುಮಾ ಒತೊಶಿಯಲ್ಲಿ ಗೋಎಂಜಿ, ಕಾಬೆಯಾಮಾ ಇಬ್ಬರೂ ಒಟ್ಟಿಗೆ ಜಿಗಿಯುತ್ತಾರೆ, ಗೋಎಂಜಿ ಗಾಳಿಯಲ್ಲೇ ಕಾಬೆಯಾಮಾನ ಮೇಲೆ ಕಾಲಿಟ್ಟು ಇನ್ನೊಂದು ಜಿಗಿತ ಜಿಗಿದು ಓವರ್‌ಹೆಡ್ ಹೊಡೆಯುತ್ತಾನೆ. ಕಾಬೆಯಾಮಾಗೆ ಎತ್ತರ ಕಂಡರೆ ಭಯ. ಕೆಳಗೆ ನೋಡಿದರೆ ಮೈ ಬಿಗಿದುಹೋಗುತ್ತದೆ. ಕೊನೆಗೆ ಅವನು ಆಕಾಶಕ್ಕೆ ಮುಖ ಮಾಡಿ ಹೊಟ್ಟೆಯನ್ನೇ ಮೆಟ್ಟಿಲು ಮಾಡಿಕೊಡುತ್ತಾನೆ. ಟ್ರೈ ಪೆಗಾಸಸ್‌ನಲ್ಲಿ ಎಂಡೊ, ಇಚಿನೊಸೆ, ದೊಮೊನ್ ಮೂವರೂ ಬೇರೆ ಬೇರೆ ದಿಕ್ಕಿನಿಂದ ಓಡಿಬಂದು ಒಂದೇ ಬಿಂದುವಿನಲ್ಲಿ ಹಾಯಬೇಕು. ಬಿಂದು ಒಂದಿಷ್ಟು ತಪ್ಪಿದರೂ ಸುಳಿ ಏಳುವುದಿಲ್ಲ. ಅದನ್ನು ಸರಿಪಡಿಸಲು ತಂಡದ ಮ್ಯಾನೇಜರ್ ಆಕಿ ಆ ಜಾಗದಲ್ಲಿ ಗುರುತಾಗಿ ತಾನೇ ಹೋಗಿ ನಿಲ್ಲುತ್ತಾಳೆ. ಡೆತ್ ಝೋನ್‌ನಲ್ಲಿ ಮೂವರು ತ್ರಿಕೋನವಾಗಿ ಸುತ್ತುತ್ತ ಮೇಲೇರಿ ಚೆಂಡನ್ನು ಒಟ್ಟಿಗೆ ತಳ್ಳುತ್ತಾರೆ.

ಕೋತೆಇ ಪೆಂಗ್ವಿನ್ ನಂಬರ್ 2 ಮೂವರ ಶಾಟ್. ಅದರ ಹಿಂದಿನ ನಂಬರ್ 1 ಒಬ್ಬನೇ ಹೊಡೆಯುವಂಥದ್ದು, ಮೈಯನ್ನೇ ಹಿಂಡುವ ನಿಷೇಧಿತ ಮೂವ್. ಶಿನ್ ತೇಕೊಕು ತಂಡದ ಎದುರಿನ ಪಂದ್ಯದಲ್ಲಿ ಆ ತಂಡದ ಸಾಕುಮಾ ಅದನ್ನು ಹೊಡೆದೂ ಹೊಡೆದೂ ಕುಸಿಯುತ್ತಾನೆ, ಕೀಪರ್ ಗೆಂದಾನ ಬೀಸ್ಟ್ ಫ್ಯಾಂಗ್ ಕೂಡ ಅದೇ ಜಾತಿಯದು. ಮೂವರ ಭಾರವನ್ನು ಒಬ್ಬನ ಮೇಲೆ ಹೇರಿದರೆ ಏನಾಗುತ್ತದೆ ಅನ್ನುವುದನ್ನು ಆ ಕಂತುಗಳು ಚೆನ್ನಾಗಿ ತೋರಿಸುತ್ತವೆ.

ಮೂವ್ ಬೆಳೆಸುವುದು

ಎರಡನೇ ಆಟದಿಂದ ಮೂವ್‌ಗಳು ಬಳಸಿದಷ್ಟೂ ಬೆಳೆಯುತ್ತವೆ. ಮೂರು ದಾರಿ ಮುಖ್ಯ: ಕೆಲವು ಮೊದಲು ‘ಕೈ’ (ಜಪಾನಿಯಲ್ಲಿ ಸುಧಾರಿತ), ಆಮೇಲೆ ‘ಶಿನ್’ (ನಿಜವಾದ) ಆಗುತ್ತವೆ, ಕೆಲವು ವಿ2, ವಿ3, ಕೆಲವು ಜಿ2ರಿಂದ ಜಿ5ರವರೆಗೆ. ಅನಿಮೆಯಲ್ಲಿ ಮಾಜಿನ್ ದ ಹ್ಯಾಂಡ್ ಮೊದಲನೆಯ ದಾರಿ, ಸೇಗಿ ನೊ ತೆಕ್ಕೆನ್ ಮತ್ತು ಮುಗೆನ್ ದ ಹ್ಯಾಂಡ್ ಜಿ ದಾರಿ. ಜಿ ದಾರಿಯವಕ್ಕೆ ಮೆಟ್ಟಿಲು ಹೆಚ್ಚು, ತಾಳ್ಮೆಯೂ ಹೆಚ್ಚು ಬೇಕು.

ಬೆಳೆಸುವ ಜಾಗ ದೊಡ್ಡ ಪಂದ್ಯ ಅಲ್ಲ. ಬೀದಿಯಲ್ಲಿ ಸಿಗುವ ನಾಲ್ವರ ಎದುರು ನಾಲ್ವರ ಚಿಕ್ಕ ಪಂದ್ಯಗಳಿವೆ, ಅಲ್ಲಿ ಸೋತರೂ ದೊಡ್ಡ ನಷ್ಟವಿಲ್ಲ. ಆ ನಾಲ್ವರಲ್ಲಿ ಮೂವ್ ಬೆಳೆಸಬೇಕಾದವರನ್ನೇ ಹಾಕಿ. ಚೆಂಡು ಕಿತ್ತುಕೊಳ್ಳಿ ಅನ್ನುವ ಪಂದ್ಯದಲ್ಲಿ ಬ್ಲಾಕ್ ಮೂವ್, ಗೋಲ್ ಹೊಡೆಯಿರಿ ಅನ್ನುವಲ್ಲಿ ಡ್ರಿಬಲ್ ಮತ್ತು ಶಾಟ್. ಪ್ರತಿ ಸಲವೂ ಮೂವ್ ಒತ್ತಿ, ಟಿಪಿ ಖಾಲಿಯಾದರೆ ತುಂಬಿಸಿಕೊಂಡು ಮತ್ತೆ ಬನ್ನಿ. ಕೀಪರ್ ಮೂವ್‌ಗೆ ಮಾತ್ರ ಇದು ಕಷ್ಟ, ಏಕೆಂದರೆ ಯಾರಾದರೂ ನಿಮ್ಮ ಗೋಲ್ ಮೇಲೆ ಹೊಡೆಯಬೇಕು. ಅದಕ್ಕೆ ಹಳೆಯ, ದುರ್ಬಲ ತಂಡದ ಜೊತೆ ಪೂರ್ತಿ ಪಂದ್ಯ ಆಡಿ, ಡಿಫೆಂಡರ್‌ಗಳನ್ನು ಬೇಕೆಂದೇ ಬದಿಗೆ ಸರಿಸಿ ಶಾಟ್ ಬರಲು ಬಿಡಿ.

ಎಲ್ಲವನ್ನೂ ಬೆಳೆಸಲು ಹೋಗಬೇಡಿ. ಒಬ್ಬ ಕೀಪರ್‌ನ ಒಂದು, ಇಬ್ಬರು ಸ್ಟ್ರೈಕರ್‌ಗಳ ಒಂದೊಂದು, ಇಬ್ಬರು ಡಿಫೆಂಡರ್‌ಗಳ ಶಾಟ್ ಬ್ಲಾಕ್. ಇಷ್ಟು ತುದಿ ಮುಟ್ಟಿದ ಮೇಲೆ ಉಳಿದದ್ದು. ಆರಂಭದಲ್ಲಿ ಕಲಿತ ಸಣ್ಣ ಮೂವ್ ಕೂಡ ಬೆಳೆದರೆ ಟಿಪಿಗೆ ತಕ್ಕ ಬಲ ಕೊಡುವುದರಲ್ಲಿ ದೊಡ್ಡದನ್ನು ಹಿಂದೆ ಹಾಕುವುದುಂಟು, ಹಾಗಾಗಿ ಹಳೆಯದನ್ನು ಕೀಳಾಗಿ ನೋಡಬೇಡಿ.

ಡ್ರಿಬಲ್ ಮತ್ತು ಬ್ಲಾಕ್: ಕಡಿಮೆ ಮಾತು

ಡ್ರಿಬಲ್ ಮೂವ್ ಬಳಸುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಪಾಸ್ ಕೊಡಬಹುದೇ? ಕೊಡಬಹುದಾದರೆ ಕೊಡಿ, ಅದಕ್ಕೆ ಟಿಪಿ ಇಲ್ಲ. ಎದುರಾಳಿ ಮುಖಾಮುಖಿಯಾದ ಮೇಲೆ ಆಯ್ಕೆ ಮಾಡುವವರೆಗೆ ಆಟ ನಿಂತಿರುತ್ತದೆ, ಆ ಸಮಯದಲ್ಲಿ ಗೋಲ್‌ಗೆ ಎಷ್ಟು ದೂರ ಇದೆ ನೋಡಿ. ಕೊನೆಯ ಡಿಫೆಂಡರ್ ಆಗಿದ್ದರೆ ಮಾತ್ರ ಮೂವ್ ಒತ್ತಿ. ಬ್ಲಾಕ್‌ಗೂ ಹಾಗೆಯೇ, ಮೈದಾನದ ನಡುವೆ ವ್ಯರ್ಥ ಮಾಡದೆ ಹಿಂದಿನ ಸಾಲಿಗೆ ಉಳಿಸಿ. ಮಿಡ್‌ಫೀಲ್ಡರ್‌ಗಳ ಟಿಪಿ ಮಾತ್ರ ಸ್ವಲ್ಪ ಧಾರಾಳವಾಗಿ ಖರ್ಚಾದರೂ ನಡೆಯುತ್ತದೆ, ಅವರನ್ನು ಬದಲಿಸುವುದು ಸುಲಭ.

ತಂಡವಾಗಿ ಮಾಡುವ ಟ್ಯಾಕ್ಟಿಕ್ಸ್ ಬೇರೆ ಬಗೆ. ಮೂರನೇ ಸೀಸನ್‌ನಲ್ಲಿ ಆಸ್ಟ್ರೇಲಿಯಾದ ಬಿಗ್ ವೇವ್ಸ್ ತಂಡದ ಬಾಕ್ಸ್ ಲಾಕ್ ಡಿಫೆನ್ಸ್ ಚೆಂಡಿರುವವನನ್ನು ನಾಲ್ಕೂ ಕಡೆಯಿಂದ ಪೆಟ್ಟಿಗೆಯಂತೆ ಮುಚ್ಚುತ್ತದೆ. ಅದಕ್ಕೆ ಮುಂಚೆ ಕೋಚ್ ಕುಡೋ ಆಟಗಾರರನ್ನು ಕೋಣೆಗಳಲ್ಲೇ ಕೂಡಿಹಾಕಿರುತ್ತಾರೆ, ಎಲ್ಲರಿಗೂ ಸಿಟ್ಟು. ಆದರೆ ಇಕ್ಕಟ್ಟಾದ ಕೋಣೆಯಲ್ಲಿ ಚೆಂಡು ಆಡಿ ಅಭ್ಯಾಸವಾದ ಕಾಲೇ ಆ ಪೆಟ್ಟಿಗೆಯಿಂದ ಹೊರಬರುವ ದಾರಿಯಾಗುತ್ತದೆ. ಆಟದಲ್ಲೂ ಸುತ್ತುವರಿದಾಗ ಉತ್ತರ ಕಂಟ್ರೋಲ್ ಹೆಚ್ಚಿರುವ ಆಟಗಾರ, ದುಬಾರಿ ಮೂವ್ ಅಲ್ಲ.

ಮುಂದಿನ ಆಟಗಳಿಗೆ ಹೋಗುವವರಿಗೆ

2011ರಲ್ಲಿ ಶುರುವಾದ ಗೋ ಸರಣಿಯಲ್ಲಿ ಮೂವ್‌ಗಳ ಮೇಲೆ ಕೆಶಿನ್ (ಆಟಗಾರನ ಬೆನ್ನ ಹಿಂದೆ ಮೂಡುವ ಶಕ್ತಿರೂಪ) ಬಂತು. ತೆನ್ಮಾನ ಪೆಗಾಸಸ್, ಶಿಂದೋನ ಮಾಯೆಸ್ಟ್ರೊ, ತ್ಸುರುಗಿಯ ಲ್ಯಾನ್ಸ್‌ಲಾಟ್ ಎಲ್ಲ ಇವೇ. ಅವನ್ನು ಕರೆಯುವ ಲೆಕ್ಕ ಟಿಪಿಯಿಂದ ಬೇರೆ. 2025ರ ನವೆಂಬರ್‌ನಲ್ಲಿ ಬಂದ ವಿಕ್ಟರಿ ರೋಡ್‌ನಲ್ಲಿ ಎಲಿಮೆಂಟ್ ಸುತ್ತು ಹಾಗೇ ಉಳಿದಿದೆ, ಟಿಪಿಯ ಜಾಗಕ್ಕೆ ಟೆನ್ಷನ್ ಎಂಬ ಮಾಪಕ ಬಂದಿದೆ. ಆಡುತ್ತಿದ್ದಂತೆ ಅದು ತುಂಬುತ್ತದೆ, ಆದ್ದರಿಂದ ಅಲ್ಲಿ ಜಿಪುಣತನ ಅಷ್ಟು ಬೇಡ. ಡಿಎಸ್ ಆಟಗಳ ಅಭ್ಯಾಸವನ್ನೇ ಹಿಡಿದು ಕೂತರೆ ತುಂಬಿದ ಮಾಪಕ ಸುಮ್ಮನೆ ಬಿದ್ದಿರುತ್ತದೆ.

ಮೂವ್ ಸೋತಾಗ ನೋಡಬೇಕಾದ್ದು

ದೊಡ್ಡ ಶಾಟ್ ಕೀಪರ್ ಕೈಗೆ ಹೋದರೆ ಮೊದಲು ದಾರಿಯಲ್ಲಿ ಯಾರಾದರೂ ಬ್ಲಾಕ್ ಮಾಡಿದರೇ ನೋಡಿ, ಹೆಚ್ಚಿನ ಸಲ ಕಾರಣ ಅಲ್ಲೇ ಇರುತ್ತದೆ. ಮುಂದಿನ ಸಲ ಆ ಡಿಫೆಂಡರ್‌ನನ್ನು ದಾಟಿದ ಮೇಲೆ ಹೊಡೆಯಿರಿ ಅಥವಾ ಬೇರೆ ಸಾಲಿನಿಂದ ಹೊಡೆಯಿರಿ. ಬ್ಲಾಕ್ ಇರದಿದ್ದರೆ ಎಲಿಮೆಂಟ್ ನೋಡಿ. ಅದೂ ಸರಿಯಿದ್ದರೆ ದೂರ. ದೂರವೂ ಸರಿಯಿದ್ದರೆ ಹೊಡೆದವನ ಕಿಕ್ ಅಂಕಿ ಕಡಿಮೆ ಎಂದೇ ಅರ್ಥ, ಅದಕ್ಕೆ ಹೊಸ ಮೂವ್ ಹುಡುಕಬೇಡಿ, ಇನಾಬಿಕಾರಿ ತರಬೇತಿ ಕೇಂದ್ರಕ್ಕೆ ಕಳಿಸಿ. ನಿಮ್ಮ ಕೀಪರ್ ಸೋತರೆ ಇದೇ ಕ್ರಮವನ್ನು ತಿರುಗಿಸಿ ನೋಡಿ: ಮುಂದೆ ಬ್ಲಾಕ್ ಮಾಡುವವನು ಜಾಗದಲ್ಲಿದ್ದನೇ, ಚೈನ್ ಆಗಿತ್ತೇ, ಎಲಿಮೆಂಟ್ ಎದುರಾಗಿತ್ತೇ. ಎದುರಾಳಿ ಚೈನ್ ಕಟ್ಟುತ್ತಿದ್ದರೆ ಎರಡನೆಯವನನ್ನು ಮೈಗಂಟಿ ಕಾಯಲು ಒಬ್ಬ ಡಿಫೆಂಡರ್‌ನನ್ನು ಬಿಡಿ. ಮೊದಲ ಹೊಡೆತಕ್ಕೆ ನಿಮ್ಮ ಕೀಪರ್‌ನ ಮಧ್ಯಮ ಮೂವ್ ಸಾಕಾಗುತ್ತದೆ.